ಐದೂವರೆ ಗಂಟೆಯ ಲೆಕ್ಕ

ಅಕ್ಟೋಬರ್ ತಿಂಗಳ ಕೊನೆಯ ವಾರಾಂತ್ಯ. ಶನಿವಾರ ನಸುಕಿನ ಐದೂವರೆ. ಹಗರಿ ನದಿಯ ಆಸುಪಾಸಿನ ಭತ್ತದ ಗದ್ದೆಗಳ ಮೇಲೆ ಇನ್ನೂ ಬೆಳಕು ಹರಿದಿಲ್ಲ. ಸಿರುಗುಪ್ಪ ತಾಲ್ಲೂಕಿನ ರಾರಾವಿಯಲ್ಲಿ ಒಬ್ಬ ಹವ್ಯಾಸಿ ರೇಡಿಯೋಗಾರ ಕಿವಿಗೆ ಹೆಡ್‌ಫೋನ್ ಏರಿಸಿ, ಎದುರಿಗೆ ಹಳೆಯದೊಂದು ಕಂಪ್ಯೂಟರ್ ಇಟ್ಟುಕೊಂಡು ಕುಳಿತಿದ್ದಾನೆ ಎಂದು ಭಾವಿಸೋಣ. ಮಾಳಿಗೆಯಿಂದ ಬೇವಿನ ಮರಕ್ಕೆ ಕಟ್ಟಿದ ತಾಮ್ರದ ತಂತಿಯೇ ಅವನ ಆಂಟೆನಾ. ಗಡಿಯಾರದ ಮುಳ್ಳು ಐದೂವರೆ ದಾಟಿದ್ದೇ ತಡ, ಅಲ್ಲಿಯವರೆಗೆ ಸುಮ್ಮನಿದ್ದ ರೇಡಿಯೋದಲ್ಲಿ ಸಂತೆ ನೆರೆದಂತೆ ಗದ್ದಲ. ಜಗತ್ತಿನ ಎಲ್ಲ ಮೂಲೆಗಳಿಂದ ಸಾವಿರಾರು ದನಿಗಳು ಒಂದೇ ಬಾರಿಗೆ ಕೂಗತೊಡಗುತ್ತವೆ.

ಅದು ‘ಸಿ.ಕ್ಯೂ. ವರ್ಲ್ಡ್ ವೈಡ್’ ಎಂಬ ಸ್ಪರ್ಧೆಯ ಆರಂಭ. 1948ರಿಂದ ನಡೆದುಬಂದಿರುವ ಈ ಸ್ಪರ್ಧೆ ಹವ್ಯಾಸಿ ರೇಡಿಯೋ ಲೋಕದ ದೊಡ್ಡ ಜಾತ್ರೆ. ಅಕ್ಟೋಬರ್‌ನ ಕೊನೆಯ ಪೂರ್ಣ ವಾರಾಂತ್ಯದಲ್ಲಿ ದನಿಯ ಸ್ಪರ್ಧೆ, ನವೆಂಬರ್‌ನ ಕೊನೆಯ ಪೂರ್ಣ ವಾರಾಂತ್ಯದಲ್ಲಿ ಮೋರ್ಸ್ ಸಂಕೇತದ ಸ್ಪರ್ಧೆ. ಒಂದೊಂದೂ 48 ಗಂಟೆ. ಅಷ್ಟರಲ್ಲಿ ಎಷ್ಟು ನಿಲ್ದಾಣಗಳ ಜೊತೆ, ಎಷ್ಟು ದೇಶಗಳ ಜೊತೆ ಮಾತನಾಡಬಹುದು ಎಂಬುದೇ ಪಂದ್ಯ.

ಮಾತು ಎಂದರೆ ಕುಶಲೋಪರಿಯಲ್ಲ. ರಾರಾವಿಯವನು ತನ್ನ ಕರೆಸಂಕೇತ ಹೇಳಿ, ‘59, 22’ ಎನ್ನುತ್ತಾನೆ. ಜರ್ಮನಿಯವನು ‘59, 14’ ಎನ್ನುತ್ತಾನೆ. ಧನ್ಯವಾದ, ಮುಂದಿನವರು ಬನ್ನಿ. ಹತ್ತು ಸೆಕೆಂಡೂ ಹಿಡಿಯದ ಸಂಭಾಷಣೆ. 59 ಎಂಬುದು ದನಿ ಎಷ್ಟು ಸ್ಪಷ್ಟ, ಎಷ್ಟು ಬಲವಾಗಿದೆ ಎಂಬುದರ ಅಂಕ. 22 ಎಂಬುದು ವಲಯದ ಸಂಖ್ಯೆ. ಸ್ಪರ್ಧೆಗಾಗಿ ಜಗತ್ತನ್ನು 40 ವಲಯಗಳಾಗಿ ವಿಂಗಡಿಸಲಾಗಿದ್ದು, ಭಾರತದ ಮುಖ್ಯಭೂಮಿ 22ನೆಯದರಲ್ಲಿದೆ, ಜರ್ಮನಿ 14ರಲ್ಲಿ.

ಇಲ್ಲೊಂದು ಪ್ರಶ್ನೆ ಏಳುತ್ತದೆ. ಇಬ್ಬರೂ ಒಬ್ಬರನ್ನೊಬ್ಬರು ಕಂಡವರಲ್ಲ. ನಡುವೆ ಕುಳಿತು ಕೇಳಿದ ತೀರ್ಪುಗಾರನಿಲ್ಲ. ಮಾತು ಬಾನಿನಲ್ಲಿ ಕರಗಿಹೋಯಿತು. ಅದು ನಡೆದದ್ದಕ್ಕೆ ಸಾಕ್ಷಿ ಏನು? ಸಾಕ್ಷಿ ಒಂದೇ. ಇಬ್ಬರೂ ಬೇರೆಬೇರೆಯಾಗಿ ಬರೆದಿಟ್ಟ ಲೆಕ್ಕದ ಪುಸ್ತಕಗಳು. ಎರಡೂ ತಾಳೆಯಾದರೆ ಮಾತು ನಿಜ, ಇಲ್ಲದಿದ್ದರೆ ಇಲ್ಲ. ಆ ಪುಸ್ತಕಕ್ಕೆ ಇಂಗ್ಲಿಷಿನಲ್ಲಿ ‘ಲಾಗ್’ ಎಂಬ ಹೆಸರು. ಅದನ್ನು ಬರೆಯುವ ಕೆಲಸವನ್ನು ಇಂದು ಬಹುಮಟ್ಟಿಗೆ ಕಂಪ್ಯೂಟರ್ ತಂತ್ರಾಂಶಗಳು ವಹಿಸಿಕೊಂಡಿವೆ. ಅವುಗಳಲ್ಲಿ ಕೆಲವು ಯಾರು ಬೇಕಾದರೂ ಬಿಚ್ಚಿ ನೋಡಿ ತಿದ್ದಬಹುದಾದ ಮುಕ್ತ ತಂತ್ರಾಂಶಗಳು.

ಕಲ್ಲು, ಕಡತ, ಕಾಗದ

ದಾಖಲೆಯ ಮಹತ್ವ ಈ ಸೀಮೆಗೆ ಹೊಸದಲ್ಲ. ಸಿರುಗುಪ್ಪ ತಾಲ್ಲೂಕಿನ ನಿಟ್ಟೂರು ಮತ್ತು ಉಡೇಗೋಳದ ಬಂಡೆಗಳ ಮೇಲೆ ಸುಮಾರು 2,250 ವರ್ಷಗಳ ಹಿಂದಿನ ಅಶೋಕನ ಕಿರು ಶಾಸನಗಳಿವೆ. ಚಕ್ರವರ್ತಿಯ ‘ಅಶೋಕ’ ಎಂಬ ಹೆಸರನ್ನೇ ಹೇಳುವ ಅಪರೂಪದ ಶಾಸನಗಳ ಗುಂಪಿಗೆ ಇವೂ ಸೇರುತ್ತವೆ. ಒಂದೇ ಸಂದೇಶವನ್ನು ಬೇರೆಬೇರೆ ಊರುಗಳಲ್ಲಿ ಬೇರೆಬೇರೆ ಲಿಪಿಕಾರರು ಕೆತ್ತಿದರು. ಪ್ರತಿಯಿಂದ ಪ್ರತಿಗೆ ಅಕ್ಷರ ಬಿಟ್ಟುಹೋದದ್ದುಂಟು, ಪದ ಬದಲಾದದ್ದುಂಟು. ವಿದ್ವಾಂಸರು ಪ್ರತಿಗಳನ್ನು ಪಕ್ಕಪಕ್ಕದಲ್ಲಿಟ್ಟು ಹೋಲಿಸಿದಾಗಲೇ ಲಿಪಿಕಾರನ ಕೈತಪ್ಪು ಯಾವುದು, ಮೂಲದ ಮಾತು ಯಾವುದು ಎಂಬುದು ತಿಳಿಯುತ್ತದೆ. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯ ಶಾಸನದಲ್ಲಿ ಚಪಡ ಎಂಬ ಲಿಪಿಕಾರ ಇದು ತನ್ನ ಬರಹ ಎಂದು ಹೆಸರನ್ನೂ ಹಾಕಿದ್ದಾನೆ.

ಆಮೇಲಿನ ಕಾಲದಲ್ಲಿ ವರ್ತಕರೂ ಶಾನುಭೋಗರೂ ಕಡತಗಳಲ್ಲಿ ಲೆಕ್ಕ ಬರೆದರು. ಹುಣಸೆ ಬೀಜದ ಅಂಟಿಗೆ ಇದ್ದಿಲ ಪುಡಿ ಸೇರಿಸಿ ಬಟ್ಟೆಗೆ ಬಳಿದು ಕಪ್ಪಾಗಿಸಿ, ಮಡಚಿ, ಬಳಪದಿಂದ ಬರೆಯುತ್ತಿದ್ದ ಪುಸ್ತಕ ಅದು. ಕೊಟ್ಟವನ ಕಡತಕ್ಕೂ ಪಡೆದವನ ಕಡತಕ್ಕೂ ತಾಳೆಯಿದ್ದರೆ ಜಗಳವಿಲ್ಲ. ರೇಡಿಯೋ ಸ್ಪರ್ಧೆಯ ನ್ಯಾಯವೂ ಇದೇ.

ಭಾರತದಲ್ಲಿ ಹವ್ಯಾಸಿ ರೇಡಿಯೋ ನಡೆಸಲು ದೂರಸಂಪರ್ಕ ಇಲಾಖೆಯ ಪರೀಕ್ಷೆ ಮತ್ತು ಪರವಾನಗಿ ಬೇಕು. ಪರವಾನಗಿಯ ಜೊತೆಗೆ ವಿ.ಯು.2 ಅಥವಾ ವಿ.ಯು.3ರಿಂದ ಆರಂಭವಾಗುವ ಕರೆಸಂಕೇತ ದೊರೆಯುತ್ತದೆ. 1978ರಲ್ಲಿ ಬಂದ ನಿಯಮಗಳು ಪ್ರಸಾರಗಳ ದಾಖಲೆ ಇಡುವುದನ್ನೂ ಕಡ್ಡಾಯ ಮಾಡಿದ್ದವು. ಆದ್ದರಿಂದ ಹಳೆಯ ಹವ್ಯಾಸಿಗಳ ಮೇಜಿನ ಮೇಲೆ ರೇಡಿಯೋದಷ್ಟೇ ಖಾಯಂ ಆಗಿ ಇರುತ್ತಿದ್ದ ವಸ್ತುವೆಂದರೆ ದಾಖಲೆ ಪುಸ್ತಕ.

ಸಾಮಾನ್ಯ ದಿನಗಳಿಗೆ ಪುಸ್ತಕ ಸಾಕು. ಸ್ಪರ್ಧೆಯಲ್ಲಿ ಸಾಲದು. ಒಂದು ನಿಲ್ದಾಣದೊಡನೆ ಒಂದು ತರಂಗಪಟ್ಟಿಯಲ್ಲಿ ಒಮ್ಮೆ ಮಾತ್ರ ಮಾತಾಡಿದ್ದಕ್ಕೆ ಅಂಕ. ಎರಡನೆಯ ಸಲ ಸಿಕ್ಕರೆ ಅದು ‘ಡ್ಯೂಪ್’, ಎಂದರೆ ಮರುನಕಲು. ಪಟ್ಟಿಗಳು ಆರು: 160, 80, 40, 20, 15 ಮತ್ತು 10 ಮೀಟರ್. ಕಾಗದದ ಕಾಲದಲ್ಲಿ ಪ್ರತಿ ಪಟ್ಟಿಗೂ ಅಕ್ಷರವಾರು ಮನೆಗಳನ್ನು ಗೆರೆ ಹಾಕಿ, ಮಾತಾಡಿದ ಪ್ರತಿ ನಿಲ್ದಾಣವನ್ನೂ ಮತ್ತೊಮ್ಮೆ ಅಲ್ಲಿ ಬರೆಯಬೇಕಿತ್ತು. ಒಂದು ಕೈ ರೇಡಿಯೋದ ಗುಂಡಿಯ ಮೇಲೆ, ಇನ್ನೊಂದು ಕೈ ಎರಡು ಹಾಳೆಗಳ ನಡುವೆ. ಸ್ಪರ್ಧೆ ಮುಗಿದ ಮೇಲೆ ಅಂಕ ಕೂಡಿಸಲು, ಶುದ್ಧ ಪ್ರತಿ ತೆಗೆಯಲು ದಿನಗಟ್ಟಲೆ ಬೇಕು.

ಈ ಕಷ್ಟಕ್ಕೆ 1980ರ ದಶಕದಲ್ಲಿ ಅಮೆರಿಕದ ಕೆನ್ ವುಲ್ಫ್ ‘ಸಿ.ಟಿ.’ ಎಂಬ ತಂತ್ರಾಂಶ ಬರೆದು ದಾರಿ ತೋರಿದರು. ಅದರ ಹಿಂದೆ ಲ್ಯಾರಿ ಟೈರೀ ಅವರ ‘ಟಿ.ಆರ್.’ ಬಂತು. ಕರೆಸಂಕೇತ ಒತ್ತಿದ ಕೂಡಲೇ ಇದು ಹೊಸದೇ ಹಳೆಯದೇ ಎಂದು ಯಂತ್ರವೇ ಹೇಳತೊಡಗಿತು. ಲಿನಕ್ಸ್ ಹರಡಿದ ಮೇಲೆ ನೆದರ್ಲೆಂಡ್ಸ್‌ನ ರೈನ್ ಕೂಪೆರಸ್ ‘ಟಿ.ಎಲ್.ಎಫ್.’ ಎಂಬ ಮುಕ್ತ ತಂತ್ರಾಂಶ ಆರಂಭಿಸಿದರು. ಜರ್ಮನಿಯ ಥಾಮಸ್ ಬೈಯರ್‌ಲೈನ್ ಮೊದಲಾದವರು ಅದನ್ನು ಮುಂದುವರಿಸಿದರು. ಬರೀ ಅಕ್ಷರಗಳ ಪರದೆಯಾದ್ದರಿಂದ ಇದು ಮೂಲೆಗೆ ಬಿದ್ದ ಹಳೆಯ ಕಂಪ್ಯೂಟರ್‌ನಲ್ಲೂ ಓಡುತ್ತದೆ. ಈಚೆಗೆ ಅಮೆರಿಕದ ಮೈಕೆಲ್ ಬ್ರಿಡಾಕ್ ಪೈಥಾನ್ ಭಾಷೆಯಲ್ಲಿ ಬರೆದ ‘ನಾಟ್ ಒನ್ ಎಂ.ಎಂ.’ ಕೂಡ ಬಳಕೆಯಲ್ಲಿದೆ. ಇವು ಉಚಿತ ಎಂಬುದಷ್ಟೇ ವಿಶೇಷವಲ್ಲ. ಉಚಿತವಾಗಿ ಸಿಗುವ, ಆದರೆ ಒಳಗೇನಿದೆ ಎಂದು ತೋರಿಸದ ತಂತ್ರಾಂಶಗಳೂ ಉಂಟು. ಮುಕ್ತ ತಂತ್ರಾಂಶದಲ್ಲಿ ಮೂಲ ಸಂಕೇತವೇ ಕೈಗೆ ಸಿಗುತ್ತದೆ. ಸ್ಪರ್ಧೆಯ ನಿಯಮ ಬದಲಾದರೆ, ದೋಷ ಕಂಡರೆ, ಬಲ್ಲವರು ತಾವೇ ತಿದ್ದಿ ಎಲ್ಲರಿಗೂ ಹಂಚಬಹುದು.

ಬಳಸುವ ಬಗೆ

ಕೆಲಸ ಶುರುವಾಗಬೇಕಾದದ್ದು ಶನಿವಾರದ ನಸುಕಿನಲ್ಲಲ್ಲ, ಅದಕ್ಕೆ ಒಂದು ವಾರ ಮೊದಲು. ಟಿ.ಎಲ್.ಎಫ್.ನಲ್ಲಿ ಸಿದ್ಧತೆಯೆಲ್ಲ ಸಾದಾ ಪಠ್ಯದ ಕಡತಗಳಲ್ಲಿರುತ್ತದೆ. ಒಂದರಲ್ಲಿ ಬಳಕೆದಾರನ ಕರೆಸಂಕೇತ, ರೇಡಿಯೋದ ಮಾದರಿ, ಅದು ಜೋಡಣೆಯಾದ ಕಿಂಡಿ, ವೇಗ. ಇನ್ನೊಂದರಲ್ಲಿ ಸ್ಪರ್ಧೆಯ ನಿಯಮ: ಯಾವ ಸಂಪರ್ಕಕ್ಕೆ ಎಷ್ಟು ಅಂಕ, ಏನನ್ನು ವಿನಿಮಯ ಮಾಡಬೇಕು. ಬೇರೊಂದು ಸ್ಪರ್ಧೆಗೆ ಕುಳಿತುಕೊಳ್ಳುವಾಗ ನಿಯಮದ ಕಡತ ಬದಲಿಸಿದರಾಯಿತು.

ಮೂರನೆಯದು ದೇಶಗಳ ಪಟ್ಟಿ. ಕರೆಸಂಕೇತದ ಮೊದಲ ಅಕ್ಷರಗಳನ್ನು ನೋಡಿ ಇದು ಯಾವ ದೇಶ, ಯಾವ ವಲಯ ಎಂದು ಗುರುತಿಸಲು ತಂತ್ರಾಂಶ ಈ ಪಟ್ಟಿಯನ್ನು ಅವಲಂಬಿಸುತ್ತದೆ. ವಿ.ಯು. ಎಂದರೆ ಭಾರತ ಎಂಬುದು ಎಲ್ಲರಿಗೂ ಗೊತ್ತು. ಆದರೆ ಅಂತರರಾಷ್ಟ್ರೀಯ ಹಂಚಿಕೆಯಲ್ಲಿ ಎ.ಟಿ.ಎ.ಯಿಂದ ಎ.ಡಬ್ಲ್ಯು.ಜೆಡ್.ವರೆಗಿನ ಸರಣಿಯೂ ಭಾರತದ್ದೇ. ವಿಶೇಷ ಸಂದರ್ಭದಲ್ಲಿ ಅಂಥ ಸಂಕೇತ ಬಳಕೆಗೆ ಬಂದಾಗ, ಹಳೆಯ ಪಟ್ಟಿ ಇಟ್ಟುಕೊಂಡವರ ಯಂತ್ರ ತಡವರಿಸಬಹುದು. ಆದ್ದರಿಂದ ಸ್ಪರ್ಧೆಗೆ ಮುನ್ನ ಹೊಸ ಪಟ್ಟಿ ಹಾಕಿಕೊಳ್ಳುವುದು ಕ್ಷೇಮ.

ಸ್ಪರ್ಧೆ ನಡೆಯುವಾಗ ಕೆಲಸ ಸರಳ. ಕರೆಸಂಕೇತ ಒತ್ತಬೇಕು, ಕೇಳಿದ ವಲಯದ ಸಂಖ್ಯೆ ಒತ್ತಬೇಕು, ಎಂಟರ್ ಗುಂಡಿ ಒತ್ತಬೇಕು. ದಿನಾಂಕ ಮತ್ತು ಸಮಯವನ್ನು ಯಂತ್ರ ಗಡಿಯಾರದಿಂದಲೂ, ತರಂಗಾಂತರವನ್ನು ತಂತಿಯ ಮೂಲಕ ರೇಡಿಯೋದಿಂದಲೂ ತೆಗೆದುಕೊಳ್ಳುತ್ತದೆ.

ಅಂಕದ ಲೆಕ್ಕವನ್ನು ಒಂದು ಉದಾಹರಣೆಯಿಂದ ನೋಡಬಹುದು. ಬೇರೆ ಖಂಡದ ನಿಲ್ದಾಣಕ್ಕೆ 3 ಅಂಕ. ರಾರಾವಿಯಿಂದ ಏಷ್ಯಾದ ಬೇರೆ ದೇಶಕ್ಕೆ 1. ಸ್ವಂತ ದೇಶಕ್ಕೆ ಸೊನ್ನೆ. ಹೀಗೆ ಬಂದ ಅಂಕಗಳ ಮೊತ್ತವನ್ನು, ಪ್ರತಿ ಪಟ್ಟಿಯಲ್ಲೂ ದೊರೆತ ವಲಯಗಳು ಮತ್ತು ದೇಶಗಳ ಮೊತ್ತದಿಂದ ಗುಣಿಸಬೇಕು. 300 ಅಂಕ, 50 ಗುಣಕ ಇದ್ದರೆ 15,000. ಒಂದು ಹೊಸ ವಲಯ ಸಿಕ್ಕರೆ ಗುಣಕ 51 ಆಗಿ, ಒಂದೇ ಏಟಿಗೆ 300 ಹೆಚ್ಚು. ಸ್ವಂತ ದೇಶದ ಸಂಪರ್ಕಕ್ಕೆ ಅಂಕವಿಲ್ಲದಿದ್ದರೂ ಗುಣಕವಾಗಿ ಅದು ಸಲ್ಲುತ್ತದೆ. ಪರದೇಶದವರು ವಿ.ಯು. ದನಿಗಾಗಿ ಕಾತರಿಸುವ ಗುಟ್ಟು ಇಲ್ಲಿದೆ. 22ನೇ ವಲಯದ ದನಿಗಳು ಯುರೋಪಿನಷ್ಟು ದಟ್ಟವಾಗಿಲ್ಲ. ಮಾಳಿಗೆಯ ಮೇಲಿನ ಒಂದು ತಂತಿಯಿಂದ ಹೊರಟ ಕ್ಷೀಣ ದನಿಯೂ ಯಾರದೋ ಪಾಲಿಗೆ ಆ ಪಟ್ಟಿಯ 22ನೇ ವಲಯವಾಗಬಹುದು.

ಕೆಟ್ಟಾಗ ನೋಡಬೇಕಾದದ್ದು

ಯಂತ್ರ ಕೈಕೊಟ್ಟಾಗ ಮೊದಲು ಬೈಗುಳ ತಿನ್ನುವುದು ತಂತ್ರಾಂಶ. ತಪ್ಪು ಇರುವುದು ಹೆಚ್ಚಾಗಿ ಬೇರೆ ಕಡೆ.

ಮೊದಲನೆಯ ಶಂಕಿತ ಗಡಿಯಾರ. ಸ್ಪರ್ಧೆಯ ದಾಖಲೆ ಎಲ್ಲಿಂದ ಬಂದರೂ ಅದರಲ್ಲಿರಬೇಕಾದದ್ದು ವಿಶ್ವ ಸಮಯ. ಭಾರತದ ಸಮಯ ಅದಕ್ಕಿಂತ ಐದೂವರೆ ಗಂಟೆ ಮುಂದೆ. ರಾರಾವಿಯಲ್ಲಿ ಭಾನುವಾರ ನಸುಕಿನ ಮೂರು ಗಂಟೆಯಾದಾಗ ವಿಶ್ವ ಸಮಯದಲ್ಲಿ ಇನ್ನೂ ಶನಿವಾರ ರಾತ್ರಿ ಒಂಬತ್ತೂವರೆ. ಗಂಟೆ ಮಾತ್ರವಲ್ಲ, ದಿನಾಂಕವೂ ಬೇರೆ. ಕಂಪ್ಯೂಟರ್‌ನ ಗಡಿಯಾರವನ್ನೇ ಹಿಂದಕ್ಕೆ ತಿರುಗಿಸಿ ‘ಸರಿ’ ಮಾಡುವುದು ತಪ್ಪು ಮದ್ದು. ಕಾಲವಲಯವನ್ನು ಭಾರತ ಎಂದೇ ಇಟ್ಟು, ಗಡಿಯಾರವನ್ನು ನಿಖರವಾಗಿಟ್ಟರೆ ಪರಿವರ್ತನೆಯನ್ನು ಯಂತ್ರವೇ ಮಾಡಿಕೊಳ್ಳುತ್ತದೆ. ಒಂದೇ ಕಂಪ್ಯೂಟರ್‌ನಲ್ಲಿ ವಿಂಡೋಸ್ ಮತ್ತು ಲಿನಕ್ಸ್ ಎರಡನ್ನೂ ಇಟ್ಟುಕೊಂಡವರಿಗೆ ಇನ್ನೊಂದು ತೊಡಕುಂಟು. ಯಂತ್ರದೊಳಗಿನ ಗಡಿಯಾರ ಸ್ಥಳೀಯ ಸಮಯ ತೋರಿಸುತ್ತದೆಂದು ವಿಂಡೋಸ್ ನಂಬುತ್ತದೆ, ಸಾಮಾನ್ಯವಾಗಿ ಲಿನಕ್ಸ್ ಅದನ್ನು ವಿಶ್ವ ಸಮಯವೆಂದು ತಿಳಿಯುತ್ತದೆ. ಒಂದರಿಂದ ಇನ್ನೊಂದಕ್ಕೆ ಹೋದಾಗ ಸಮಯ ಸರಿಯಾಗಿ ಐದೂವರೆ ಗಂಟೆ ಜಿಗಿದಿದ್ದರೆ ಕಾರಣ ಇದೇ ಎಂದು ತಿಳಿಯಬಹುದು.

ಎರಡನೆಯದು ರೇಡಿಯೋ ಮತ್ತು ಕಂಪ್ಯೂಟರ್‌ಗಳ ನಡುವಿನ ಮೌನ. ತರಂಗಾಂತರದ ಮನೆ ಖಾಲಿ, ಅಥವಾ ಗುಂಡಿ ತಿರುಗಿಸಿದರೂ ಸಂಖ್ಯೆ ಕದಲುವುದಿಲ್ಲ. ಈ ಸಂಭಾಷಣೆಯನ್ನು ನಡೆಸಿಕೊಡುವುದು 2000ದಲ್ಲಿ ಆರಂಭವಾದ ‘ಹ್ಯಾಮ್‌ಲಿಬ್’ ಎಂಬ ಮುಕ್ತ ತಂತ್ರಾಂಶ. ಬೇರೆಬೇರೆ ತಯಾರಕರ ರೇಡಿಯೋಗಳ ಭಾಷೆ ಬಲ್ಲ ದುಭಾಷಿ ಅದು. ಇಲ್ಲಿ ಪರೀಕ್ಷೆ ಕ್ರಮವಾಗಿ ನಡೆಯಬೇಕು. ಮೊದಲು, ತಂತಿ ಚುಚ್ಚಿದ್ದನ್ನು ಕಂಪ್ಯೂಟರ್ ಗುರುತಿಸಿತೇ? ಉಬುಂಟುವಿನ ಕೆಲವು ಆವೃತ್ತಿಗಳಲ್ಲಿ, ಅಂಧರ ಬ್ರೈಲ್ ಸಾಧನಗಳಿಗಾಗಿ ಇರುವ ಸೇವೆಯೊಂದು ಅಗ್ಗದ ಯು.ಎಸ್.ಬಿ. ಜೋಡಕಗಳನ್ನು ತನ್ನ ಸಾಧನವೆಂದು ಭ್ರಮಿಸಿ ಹಿಡಿದುಕೊಳ್ಳುವುದುಂಟು. ಆಮೇಲೆ, ಬಳಕೆದಾರನಿಗೆ ಆ ಕಿಂಡಿ ತೆರೆಯುವ ಹಕ್ಕಿದೆಯೇ? ಡೆಬಿಯನ್, ಉಬುಂಟುಗಳಲ್ಲಿ ಅವನ ಹೆಸರು ‘ಡಯಲ್‌ಔಟ್’ ಎಂಬ ಗುಂಪಿನಲ್ಲಿರಬೇಕು. ಸೇರಿಸಿದ ಮೇಲೆ ಒಮ್ಮೆ ಹೊರಹೋಗಿ ಮತ್ತೆ ಒಳಬರಬೇಕು. ಇದನ್ನು ಮರೆತು ಗಂಟೆಗಟ್ಟಲೆ ತಲೆ ಕೆಡಿಸಿಕೊಳ್ಳುವವರಿದ್ದಾರೆ. ಕೊನೆಗೆ, ಎರಡೂ ಕಡೆ ವೇಗ ಒಂದೇ ಇದೆಯೇ? ರೇಡಿಯೋದಲ್ಲಿ 19,200, ತಂತ್ರಾಂಶದಲ್ಲಿ 9,600 ಇದ್ದರೆ ಇಬ್ಬರೂ ಮಾತಾಡುತ್ತಾರೆ, ಯಾರಿಗೂ ಅರ್ಥವಾಗುವುದಿಲ್ಲ. ಹ್ಯಾಮ್‌ಲಿಬ್ ಒಂದನ್ನೇ ಓಡಿಸಿ ತರಂಗಾಂತರ ಕೇಳಿದರೆ, ದೋಷ ತಂತಿಯದೋ ದಾಖಲೆ ತಂತ್ರಾಂಶದ್ದೋ ಎಂಬುದು ಇತ್ಯರ್ಥವಾಗುತ್ತದೆ.

ಮೂರನೆಯದು ಎಲ್ಲಕ್ಕಿಂತ ಚೇಷ್ಟೆಯದು. ಕೇಳುವಾಗ ಎಲ್ಲ ಸರಿ, ಮಾತಾಡಲು ಗುಂಡಿ ಒತ್ತಿದ ಕೂಡಲೇ ಕಂಪ್ಯೂಟರ್ ಸ್ತಬ್ಧ, ಅಥವಾ ಜೋಡಣೆ ಕಡಿದುಹೋಗುತ್ತದೆ. ಇದು ಸಂಕೇತದ ದೋಷವಲ್ಲ. ಆಂಟೆನಾದಿಂದ ಹೊರಹೋಗಬೇಕಾದ ರೇಡಿಯೋ ಶಕ್ತಿ ಕೋಣೆಗೆ ಮರಳಿ ಯು.ಎಸ್.ಬಿ. ತಂತಿಯನ್ನೇ ಆಂಟೆನಾ ಮಾಡಿಕೊಂಡಿರುತ್ತದೆ. ಶಕ್ತಿ ಕಡಿಮೆ ಮಾಡಿದಾಗ ತೊಂದರೆ ಮಾಯವಾದರೆ ಅನುಮಾನ ಖಚಿತ. ತಂತಿಗೆ ಫೆರೈಟ್ ಉಂಗುರ, ಚಿಕ್ಕ ತಂತಿ, ಸರಿಯಾದ ಅರ್ತಿಂಗ್ ಇವೇ ಪರಿಹಾರ.

ನಾಲ್ಕನೆಯದು ನಮ್ಮ ಹಳ್ಳಿಗಳಿಗೆ ಹೇಳಿಕೊಡಬೇಕಾದದ್ದಲ್ಲ: ಕರೆಂಟು. ಸ್ಪರ್ಧೆಗೆ ಒಂದು ದಿನ ಮುಂಚೆ ನಾಲ್ಕಾರು ಸುಳ್ಳು ಸಂಪರ್ಕ ದಾಖಲಿಸಿ, ಬೇಕೆಂದೇ ಯಂತ್ರವನ್ನು ಆರಿಸಿ ಮತ್ತೆ ಹಚ್ಚಿ ನೋಡಬೇಕು. ದಾಖಲೆ ಉಳಿದಿದ್ದರೆ ಧೈರ್ಯ. ಆ ಸುಳ್ಳು ದಾಖಲೆಗಳನ್ನು ಅಳಿಸಲು ಮರೆಯಬಾರದು. ಸ್ಪರ್ಧೆಯ ನಡುವೆ ಗಂಟೆಗೊಮ್ಮೆ ಪೆನ್‌ಡ್ರೈವ್‌ಗೆ ಒಂದು ಪ್ರತಿ ಇಳಿಸಬೇಕು. ಪಕ್ಕದಲ್ಲಿ ನೋಟ್‌ಬುಕ್ಕೂ ಪೆನ್ನೂ ಇರಲಿ. ಕಂಪ್ಯೂಟರ್ ಮಲಗಿದರೂ ಬ್ಯಾಟರಿಯ ಮೇಲೆ ರೇಡಿಯೋ ನಡೆಯುತ್ತಿರುತ್ತದೆ.

ಇವೆಲ್ಲದಕ್ಕೂ ಒಂದೇ ಸೂತ್ರ: ಒಂದು ಸಲಕ್ಕೆ ಒಂದನ್ನೇ ಬದಲಿಸಿ ನೋಡುವುದು. ಎರಡು ತಿರುಪು ಒಟ್ಟಿಗೆ ತಿರುಗಿಸಿದವನಿಗೆ ಯಾವುದರಿಂದ ವಾಸಿಯಾಯಿತೆಂಬುದು ಎಂದೂ ತಿಳಿಯುವುದಿಲ್ಲ.

ಎರಡು ಪುಸ್ತಕಗಳ ತಾಳೆ

ಸೋಮವಾರ ನಸುಕಿನ ಐದೂವರೆಗೆ ಗದ್ದಲ ನಿಲ್ಲುತ್ತದೆ. ಆದರೆ ಸ್ಪರ್ಧೆ ಮುಗಿಯುವುದಿಲ್ಲ. ತಂತ್ರಾಂಶ ದಾಖಲೆಯನ್ನು ‘ಕ್ಯಾಬ್ರಿಲೊ’ ಎಂಬ ವಿನ್ಯಾಸದಲ್ಲಿ ಬರೆದುಕೊಡುತ್ತದೆ. ಒಂದು ಸಾಲಿಗೆ ಒಂದು ಸಂಪರ್ಕ: ತರಂಗಾಂತರ, ವಿಧಾನ, ದಿನಾಂಕ, ಸಮಯ, ತನ್ನ ಸಂಕೇತ, ಕೊಟ್ಟದ್ದು, ಅವರ ಸಂಕೇತ, ಪಡೆದದ್ದು. ಇದನ್ನು ಐದು ದಿನಗಳೊಳಗೆ ಕಳುಹಿಸಬೇಕು. ಕಳುಹಿಸುವ ಮುನ್ನ ಮೊದಲ ಸಾಲಿನ ಸಮಯ ನೋಡುವುದು ಜಾಣತನ. ಅದು 0000ದ ಆಸುಪಾಸಿನಲ್ಲಿರಬೇಕು. 0530 ಎಂದಿದ್ದರೆ ಐದೂವರೆ ಗಂಟೆಯ ಭೂತ ಇನ್ನೂ ಬಿಟ್ಟಿಲ್ಲ ಎಂದರ್ಥ.

ಅಲ್ಲಿ ಎಲ್ಲರ ಪುಸ್ತಕಗಳನ್ನೂ ಕಂಪ್ಯೂಟರ್ ಪಕ್ಕಪಕ್ಕದಲ್ಲಿಟ್ಟು ಹೋಲಿಸುತ್ತದೆ. ಕರೆಸಂಕೇತದ ಒಂದಕ್ಷರ ತಪ್ಪಾಗಿದ್ದರೂ ಆ ಸಂಪರ್ಕ ರದ್ದು. ಅದರ ಮೇಲೆ, ಆ ಸಂಪರ್ಕದ ಅಂಕದ ಎರಡು ಪಟ್ಟು ದಂಡ. ಎದುರಿನವರ ದಾಖಲೆಯಲ್ಲಿ ಸಂಪರ್ಕವೇ ಇಲ್ಲವೆಂದರೂ ಇದೇ ಶಿಕ್ಷೆ. ಹೀಗಾಗಿ ಆತುರದಲ್ಲಿ ಊಹಿಸಿ ಬರೆಯುವವನಿಗಿಂತ ‘ಮತ್ತೊಮ್ಮೆ ಹೇಳಿ’ ಎನ್ನುವವನೇ ಗೆಲ್ಲುತ್ತಾನೆ. ಮರುನಕಲುಗಳಿಗೆ ದಂಡವಿಲ್ಲ. ಅವನ್ನು ಅಳಿಸುವುದು ತಪ್ಪು. ಮೊದಲ ಸಲ ಎದುರಿನವನು ಬರೆದುಕೊಳ್ಳದೆ ಹೋಗಿದ್ದರೆ ಎರಡನೆಯ ದಾಖಲೆಯೇ ಉಳಿಸುತ್ತದೆ.

ತಂತ್ರಾಂಶಕ್ಕೆ ಆಗದ ಕೆಲಸವೂ ಒಂದುಂಟು. ಸ್ಪರ್ಧೆ ಮುಗಿದ ಮೇಲೆ ಹೊರಗಿನ ಪಟ್ಟಿಗಳನ್ನು ಹುಡುಕಿ, ಧ್ವನಿಮುದ್ರಣ ಕೇಳಿ, ಸ್ನೇಹಿತರನ್ನು ವಿಚಾರಿಸಿ ಕರೆಸಂಕೇತ ತಿದ್ದಲು ನಿಯಮದ ಅನುಮತಿಯಿಲ್ಲ. ಮುಚ್ಚಿದ ಕೋಣೆಯಲ್ಲಿ ಒಬ್ಬನೇ ಕುಳಿತವನನ್ನು ತಡೆಯುವವರು ಯಾರು? ಅವನ ಮನಸ್ಸು ಮಾತ್ರ. ಕೇಳಿದ್ದನ್ನು ಕೇಳಿದ ಹೊತ್ತಿನಲ್ಲಿ ಬರೆದದ್ದೇ ದಾಖಲೆ, ಆಮೇಲೆ ಚಂದಗಾಣಿಸಿದ್ದು ದಾಖಲೆಯಲ್ಲ.

ಇಷ್ಟೆಲ್ಲ ಶ್ರಮ ಒಂದು ಆಟಕ್ಕಾಗಿ ಬೇಕೇ ಎಂದು ಕೇಳುವವರಿಗೆ 2004ರ ಡಿಸೆಂಬರ್‌ನ ಉತ್ತರವಿದೆ. ಹೈದರಾಬಾದಿನ ರಾಷ್ಟ್ರೀಯ ಹವ್ಯಾಸಿ ರೇಡಿಯೋ ಸಂಸ್ಥೆಯ ಪರವಾಗಿ ಭಾರತಿ ಪ್ರಸಾದ್ ನೇತೃತ್ವದ ತಂಡ ಆ ತಿಂಗಳ ಮೊದಲ ವಾರದಿಂದ ಅಂಡಮಾನಿನಲ್ಲಿ ಬಿಡಾರ ಹೂಡಿ, ಹೊರಜಗತ್ತಿನ ಹವ್ಯಾಸಿಗಳ ಜೊತೆ ಇಂಥದೇ ಚುಟುಕು ಸಂಪರ್ಕಗಳನ್ನು ಸಾಲುಸಾಲಾಗಿ ನಡೆಸುತ್ತಿತ್ತು. 26ರ ಬೆಳಿಗ್ಗೆ ಸುನಾಮಿ ಅಪ್ಪಳಿಸಿತು. ಹವ್ಯಾಸಕ್ಕೆ ಹೂಡಿದ್ದ ಅದೇ ರೇಡಿಯೋಗಳು ಅಂದಿನಿಂದ ಪರಿಹಾರ ಕಾರ್ಯದ ಸಂದೇಶಗಳನ್ನು ಹೊತ್ತವು. ಗದ್ದಲದ ನಡುವೆ ಒಂದು ಹೆಸರನ್ನು ತಪ್ಪಿಲ್ಲದೆ ಕೇಳಿ, ಹೊತ್ತು ಹಾಕಿ, ಬರೆದು, ಸರಿಯೇ ಎಂದು ಮತ್ತೆ ಕೇಳುವ ಅಭ್ಯಾಸ ಅಂಥ ದಿನ ಆಟವಾಗಿ ಉಳಿಯುವುದಿಲ್ಲ. ಆಟದಲ್ಲಿ ಒಂದಕ್ಷರ ತಪ್ಪಿದರೆ ಹೋಗುವುದು ಕೆಲವು ಅಂಕ. ಅಲ್ಲಿ ತಪ್ಪಿದರೆ ಬದುಕಿರುವವರ ಸುದ್ದಿ ಬೇರೆ ಮನೆಗೆ ಹೋಗುತ್ತದೆ.

ಸೋಮವಾರ ರಾರಾವಿಯಲ್ಲಿ ಬೆಳಕಾಗುತ್ತದೆ. ಎರಡು ರಾತ್ರಿ ನಿದ್ದೆಗೆಟ್ಟವನು ಹೆಡ್‌ಫೋನ್ ತೆಗೆದಿಟ್ಟು, ಮೊದಲ ಸಾಲಿನ ಸಮಯವನ್ನು ಇನ್ನೊಮ್ಮೆ ನೋಡಿ, ಪುಸ್ತಕವನ್ನು ತಾಳೆಗೆ ಕಳುಹಿಸುತ್ತಾನೆ. ಜರ್ಮನಿಯ ಆ ಅಪರಿಚಿತನೂ ಅದೇ ಸಾಲನ್ನು ಬರೆದಿದ್ದರೆ, ಶನಿವಾರದ ಆ ಹತ್ತು ಸೆಕೆಂಡಿನ ಮಾತು ಇಬ್ಬರ ಲೆಕ್ಕಕ್ಕೂ ಜಮಾ ಆಗುತ್ತದೆ.